ಹತ್ತು ಮಂದಿಯ ಯಂತ್ರ

ಕನ್ನಡ ಪಾಠ ಹೇಳುವವನು ವಿಜ್ಞಾನದ ಪ್ರಯೋಗಮಂದಿರವನ್ನು ಕುರಿತು ಬರೆಯಹೊರಟರೆ, ಪಂಪ ರನ್ನರನ್ನು ಬಿಟ್ಟು ಇವನಿಗೇಕೆ ಈ ಉಸಾಬರಿ ಎಂದು ಓದುಗರು ಕೇಳಬಹುದು. ವಿಜ್ಞಾನದ ಸಿದ್ಧಾಂತಗಳ ಸರಿತಪ್ಪುಗಳನ್ನು ನಾನು ಇಲ್ಲಿ ವಿಚಾರಿಸುವುದಿಲ್ಲ. ಅದಕ್ಕೆ ಅಧಿಕಾರಿಗಳು ಬೇರೆ ಇದ್ದಾರೆ. ಆದರೆ ವಿಜ್ಞಾನವೂ ಒಂದು ಊರು. ಅಲ್ಲಿಯೂ ಎಲ್ಲರಿಗೂ ಸೇರಿದ ಕೆರೆಯುಂಟು, ಪಾಲಿನ ತಕರಾರುಂಟು, ತಮ್ಮ ಸರದಿ ಬರುವವರೆಗೆ ಬದುವಿನ ಮೇಲೆ ಕಾದು ಕುಳಿತವರುಂಟು. ಆ ಊರು ಬಹುಮಟ್ಟಿಗೆ ನಡೆಯುವುದು ನಮ್ಮೆಲ್ಲರ ತೆರಿಗೆಯ ಹಣದಿಂದ. ಅದರ ಕೆರೆಗಳ ಸ್ಥಿತಿಗತಿಯನ್ನು ಕುರಿತು ನಾಲ್ಕು ಮಾತು ಹೇಳುವ ಹಕ್ಕು ನನ್ನಂಥವನಿಗೂ ಇದೆಯೆಂದು ಭಾವಿಸಿದ್ದೇನೆ.

ನಾನು ಹೇಳಬೇಕೆಂದಿರುವುದು ಒಂದೇ ಒಂದು ಶಾಸ್ತ್ರದ ವಿಷಯ. ಇಂಗ್ಲಿಷಿನಲ್ಲಿ ಅದನ್ನು ಇಮ್ಯುನಾಲಜಿ ಎನ್ನುತ್ತಾರೆ. ರೋಗನಿರೋಧಶಾಸ್ತ್ರವೆಂದು ನಾವು ಕರೆಯಬಹುದು. ಹೊರಗಿನಿಂದ ಒಳಹೊಕ್ಕ ರೋಗಾಣುವನ್ನು ದೇಹ ಹೇಗೆ ಗುರುತಿಸುತ್ತದೆ, ಹೇಗೆ ಎದುರಿಸುತ್ತದೆ, ಒಮ್ಮೆ ಎದುರಿಸಿದ್ದನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದು ಅದರ ವಿಚಾರ. 2020ರ ಮಹಾಮಾರಿಯ ತರುವಾಯ ಪ್ರತಿಕಾಯ, ಲಸಿಕೆ, ನಿರೋಧಕ ಶಕ್ತಿ ಮೊದಲಾದ ಮಾತುಗಳು ಹಳ್ಳಿಯ ಜಗಲಿಯ ಮೇಲೂ ಕೇಳಿಬಂದವು. ಇಷ್ಟು ಮನೆಮಾತಾದ ಶಾಸ್ತ್ರವು, ತನಗೆ ಬೇಕಾದ ಸಾಧನಗಳನ್ನು ಒಬ್ಬೊಬ್ಬರೇ ಇಟ್ಟುಕೊಳ್ಳಲಾರದ ಶಾಸ್ತ್ರವೂ ಹೌದೆಂಬುದು ಮಾತ್ರ ಹೆಚ್ಚು ಮಂದಿಗೆ ತಿಳಿಯದು.

ಇದರ ಕಾರಣ ನಮ್ಮ ರಕ್ತದಲ್ಲಿಯೇ ಇದೆ. ಆರೋಗ್ಯವಂತನ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸುಮಾರು 4,000ದಿಂದ 11,000ದವರೆಗೆ ಬಿಳಿಯ ಕಣಗಳಿರುತ್ತವೆ. ಅವುಗಳಲ್ಲಿ ಲಿಂಫೋಸೈಟ್ ಎಂಬ ಪಂಗಡವೊಂದುಂಟು. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಈ ಪಂಗಡದವೆಲ್ಲ ಒಂದೇ ಅಚ್ಚಿನಿಂದ ತೆಗೆದ ಹಾಗೆ ಕಾಣುತ್ತವೆ: ಗುಂಡನೆಯ ಕೋಶಕೇಂದ್ರ, ಅದರ ಸುತ್ತ ತೆಳ್ಳನೆಯ ಅಂಚು. ಆದರೆ ಕೆಲಸದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಬಿ ಕಣ ಪ್ರತಿಕಾಯವನ್ನು ತಯಾರಿಸುತ್ತದೆ. ಒಂದು ಬಗೆಯ ಟಿ ಕಣ ಅದಕ್ಕೆ ನೆರವಾಗುತ್ತದೆ. ಇನ್ನೊಂದು ಬಗೆಯ ಟಿ ಕಣ ರೋಗ ತಗುಲಿದ ಜೀವಕೋಶವನ್ನು ಕೊಂದುಹಾಕುತ್ತದೆ. ಇವುಗಳ ಭೇದವಿರುವುದು ಮೈಮೇಲೆ ಧರಿಸಿದ ಅಣುಗಳಲ್ಲಿ. ಅವು ಸೂಕ್ಷ್ಮದರ್ಶಕಕ್ಕೂ ನೇರವಾಗಿ ಕಾಣವು. ಸಂತೆಯಲ್ಲಿ ಒಂದೇ ಬಗೆಯ ಪಂಚೆಯುಟ್ಟ ಸಾವಿರ ಮಂದಿಯನ್ನು ತೋರಿಸಿ, ಇವರಲ್ಲಿ ನಿನ್ನ ಊರಿನವರನ್ನು ಆರಿಸಿ ಬೇರೆ ನಿಲ್ಲಿಸು ಎಂದರೆ ಹೇಗೋ ಹಾಗೆ.

ಈ ಆಯ್ಕೆಯನ್ನು ಮಾಡುವ ಯಂತ್ರದ ವಂಶಾವಳಿಯಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಪ್ರಿಯವಾಗುವ ಸಂಗತಿಯೊಂದಿದೆ. ಆ ವಂಶದ ಮೂಲದಲ್ಲಿರುವುದು ಮಸಿ. 1960ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ರಿಚರ್ಡ್ ಸ್ವೀಟ್ ಎಂಬವರು, ಮಸಿಯ ಸಣ್ಣ ಧಾರೆಯನ್ನು ನಡುಗಿಸಿ ಹನಿಹನಿಯಾಗಿ ಒಡೆದು, ಹನಿಗಳಿಗೆ ವಿದ್ಯುದಾವೇಶ ಕೊಟ್ಟು, ಎರಡು ಫಲಕಗಳ ನಡುವೆ ಅವನ್ನು ಬೇಕಾದ ಕಡೆಗೆ ಬಾಗಿಸಿ ಕಾಗದದ ಮೇಲೆ ಬೀಳಿಸುವ ಉಪಾಯವನ್ನು ಕಂಡುಹಿಡಿದರು. ಅದು ಬರೆಯುವ ಉಪಾಯ. ಲಾಸ್ ಅಲಮಾಸಿನ ಪ್ರಯೋಗಮಂದಿರದಲ್ಲಿದ್ದ ಮ್ಯಾಕ್ ಫುಲ್‌ವೈಲರ್ ಅವರು ಮಸಿಯ ಜಾಗದಲ್ಲಿ ಜೀವಕೋಶಗಳು ತೇಲುವ ದ್ರವವನ್ನು ಹರಿಸಿ, ಗಾತ್ರಕ್ಕನುಸಾರವಾಗಿ ಅವನ್ನು ಬೇರೆಬೇರೆ ಮಾಡಿ, 1965ರಲ್ಲಿ ಪ್ರಕಟಿಸಿದರು. ಅದೇ ಕಾಲಕ್ಕೆ ಸ್ಟ್ಯಾನ್‌ಫರ್ಡಿನಲ್ಲಿ ಲೆನಾರ್ಡ್ ಹರ್ಜನ್‌ಬರ್ಗ್ ಎಂಬ ತಳಿವಿಜ್ಞಾನಿ, ಬಣ್ಣ ಹಚ್ಚಿದ ಹೊಳೆಯುವ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಿ ಬೇಸತ್ತಿದ್ದರು. ಅವರು ಲಾಸ್ ಅಲಮಾಸಿಗೆ ಹೋಗಿ ಕೇಳಿದಾಗ, ಫುಲ್‌ವೈಲರ್ ತಮ್ಮ ಯಂತ್ರದ ನಕ್ಷೆಗಳನ್ನು ಅವರ ಕೈಗೆ ಕೊಟ್ಟು ಕಳಿಸಿದರು. ಆ ನಕ್ಷೆಗಳಿಂದ ಹೊರಟು 1969ರಲ್ಲಿ ಹರ್ಜನ್‌ಬರ್ಗ್ ಅವರ ತಂಡ ಗಾತ್ರಕ್ಕೆ ಬದಲಾಗಿ ಹೊಳಪನ್ನೇ ಗುರುತಾಗಿಟ್ಟುಕೊಂಡು ಕಣಗಳನ್ನು ವಿಂಗಡಿಸಿತು. 1972ರ ಹೊತ್ತಿಗೆ ಲೇಸರ್ ಬೆಳಕು ಅದಕ್ಕೆ ಕೂಡಿಕೊಂಡಿತು.

ಕಣ ಹೊಳೆಯಬೇಕಾದರೆ ಅದರ ಮೈಮೇಲಿನ ಅಣುವಿಗೆ ಅಂಟುವ ಪ್ರತಿಕಾಯ ಬೇಕು. ಆ ಪ್ರತಿಕಾಯಕ್ಕೆ ಬಣ್ಣದ ಬಾಲ ಬೇಕು. ಒಂದೇ ಗುರಿಗೆ ಅಂಟುವ ಶುದ್ಧ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ಮಾರ್ಗವನ್ನು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಅವರು 1975ರಲ್ಲಿ ತೋರಿಸಿದರು. ಪ್ರತಿಕಾಯ ತಯಾರಿಸುವ ಇಲಿಯ ಕಣವನ್ನು ಸಾವಿಲ್ಲದ ಅರ್ಬುದಕಣದೊಡನೆ ಬೆಸೆಯುವುದು ಅವರ ಮಾರ್ಗ. ಆ ವಿಧಾನಕ್ಕೆ ಅವರ ಹೆಸರಿನಲ್ಲಿ ಏಕಸ್ವಾಮ್ಯ ಪಡೆಯಲಿಲ್ಲ. ಕೇಳಿದ ಪ್ರಯೋಗಮಂದಿರಗಳಿಗೆ ಮಿಲ್‌ಸ್ಟೀನ್ ಅವರು ಆ ಕಣಗಳನ್ನು ಕಳಿಸಿಕೊಟ್ಟರು. 1984ರಲ್ಲಿ ನೊಬೆಲ್ ಬಹುಮಾನ ಬಂದಿತು. ಹರ್ಜನ್‌ಬರ್ಗ್ 1976–77ರಲ್ಲಿ ಬಿಡುವು ಪಡೆದು ಮಿಲ್‌ಸ್ಟೀನ್ ಅವರ ಪ್ರಯೋಗಮಂದಿರದಲ್ಲಿದ್ದರು. ಆ ಬೆಸುಗೆಯ ಕಣಕ್ಕೆ ಹೈಬ್ರಿಡೋಮ ಎಂಬ ಹೆಸರನ್ನು ಕೊಟ್ಟವರೂ ಅವರೇ. ಹೆಸರು ಹುಟ್ಟಿತು, ಎಲ್ಲರೂ ಒಪ್ಪಿದರು. ಪಾರಿಭಾಷಿಕ ಪದಕ್ಕಾಗಿ ಸಮಿತಿ ಕೂಡಿಸಿ, ಉಪಸಮಿತಿ ನೇಮಿಸಿ, ವರದಿ ಬರುವ ಹೊತ್ತಿಗೆ ಪದಾರ್ಥವೇ ಬಳಕೆ ತಪ್ಪಿಹೋಗಿರುವುದನ್ನು ಕಂಡಿರುವ ನಮ್ಮಂಥವರಿಗೆ ಇದು ಅಸೂಯೆ ಹುಟ್ಟಿಸುವ ವಿಷಯ.

ಈ ಕಥೆಯನ್ನು ನಾನು ವಿಸ್ತರಿಸಿ ಹೇಳಿದ್ದಕ್ಕೆ ಕಾರಣವಿದೆ. ಹಂಚಿಕೊಳ್ಳುವಿಕೆ ಈ ಶಾಸ್ತ್ರಕ್ಕೆ ಬಡತನದಿಂದ ಬಂದ ಅಭ್ಯಾಸವಲ್ಲ. ಶಾಸ್ತ್ರದ ಎರಡು ಪ್ರಧಾನ ಸಾಧನಗಳು ಕೈಯಿಂದ ಕೈಗೆ ದಾಟಿ ಬೆಳೆದವು. ಮೂರನೆಯದು ಇಲಿ, ಅದರ ಕಥೆ ಇನ್ನೂ ಸೊಗಸು. ಅಮೆರಿಕದ ಮೇಯ್ನ್ ಸಂಸ್ಥಾನದ ಬಾರ್ ಹಾರ್ಬರಿನಲ್ಲಿ 1929ರಲ್ಲಿ ಸ್ಥಾಪನೆಯಾದ ಜಾಕ್ಸನ್ ಪ್ರಯೋಗಮಂದಿರ ಶುದ್ಧ ತಳಿಯ ಇಲಿಗಳನ್ನು ಸಾಕಿ ಇತರ ಸಂಶೋಧಕರಿಗೆ ಒದಗಿಸುತ್ತ ಬಂದಿತ್ತು. ಒಬ್ಬರ ಅಂಗವನ್ನು ಇನ್ನೊಬ್ಬರ ದೇಹ ಏಕೆ ತಿರಸ್ಕರಿಸುತ್ತದೆಂಬುದನ್ನು ಜಾರ್ಜ್ ಸ್ನೆಲ್ ಅವರು ಅರಸಿದ್ದು ಅಲ್ಲಿ. ಆ ಕೆಲಸಕ್ಕೆ ಅವರಿಗೆ 1980ರಲ್ಲಿ ನೊಬೆಲ್ ಬಹುಮಾನದ ಪಾಲು ಬಂದಿತು. 1947ರ ಅಕ್ಟೋಬರಿನಲ್ಲಿ ಕಾಡ್ಗಿಚ್ಚು ಆ ಊರನ್ನು ಹೊಕ್ಕು ಪ್ರಯೋಗಮಂದಿರವನ್ನು ಸುಟ್ಟಿತು. ಹತ್ತಾರು ಸಾವಿರ ಇಲಿಗಳು ಸತ್ತವು. ಅನೇಕ ವರ್ಷ ಒಡಹುಟ್ಟುಗಳನ್ನೇ ಕೂಡಿಸಿ ಪಡೆದ ತಳಿಗಳು ಒಂದೆರಡು ದಿನದಲ್ಲಿ ಬೂದಿಯಾದವು. ಆಮೇಲೆ ನಡೆದದ್ದು ಗಮನಿಸತಕ್ಕದ್ದು. ಹಿಂದೆ ಅಲ್ಲಿಂದ ಇಲಿಗಳನ್ನು ಪಡೆದಿದ್ದ ಪ್ರಯೋಗಮಂದಿರಗಳು ಆ ಇಲಿಗಳ ಸಂತಾನವನ್ನು ಮರಳಿ ಕಳಿಸಿದವು. ಬೀಜದ ಭತ್ತವನ್ನು ನೆರೆಹೊರೆಗೆ ಕೊಟ್ಟಿದ್ದ ರೈತನ ಕಣಜ ಸುಟ್ಟಾಗ ನೆರೆಯವರು ಅದೇ ಬೀಜವನ್ನು ತಂದು ಸುರಿದ ಹಾಗೆ ಆಯಿತು. ಕೊಟ್ಟಿದ್ದರಿಂದಲೇ ಅದು ಉಳಿಯಿತು.

ಇನ್ನು ಈ ಯಂತ್ರದಿಂದ ಜನಕ್ಕಾದ ಪ್ರಯೋಜನ. 1981ರಲ್ಲಿ ಲಾಸ್ ಏಂಜಲೀಸಿನ ವೈದ್ಯರು ಕೆಲವು ಯುವಕರಲ್ಲಿ ವಿಚಿತ್ರವಾದ ಶ್ವಾಸಕೋಶದ ರೋಗವನ್ನು ಕಂಡು, ಅವರ ರಕ್ತವನ್ನು ಹೊಸ ಪ್ರತಿಕಾಯಗಳಿಂದ ಪರೀಕ್ಷಿಸಿದಾಗ, ನೆರವಿನ ಟಿ ಕಣಗಳು ಹೆಚ್ಚು ಕಡಮೆ ಮಾಯವಾಗಿದ್ದವು. ಏಡ್ಸ್ ಎಂಬ ಹೆಸರು ಆಗ ಇನ್ನೂ ಹುಟ್ಟಿರಲಿಲ್ಲ. ಆ ಕಣಗಳ ಮೈಮೇಲಿನ ಅಣುವಿಗೆ ಸಿಡಿ4 ಎಂದು ಹೆಸರಾಯಿತು. ನಮ್ಮ ದೇಶದಲ್ಲಿ 2004ರ ಏಪ್ರಿಲ್‌ನಿಂದ ಸರ್ಕಾರವು ಈ ರೋಗಕ್ಕೆ ಉಚಿತವಾಗಿ ಔಷಧ ಕೊಡತೊಡಗಿತು. ಸೋಂಕು ತಗುಲಿದವರಿಗೆಲ್ಲ ಚಿಕಿತ್ಸೆಯೆಂಬ ನೀತಿ 2017ರಲ್ಲಿ ಬರುವ ಪರ್ಯಂತ, ಯಾರಿಗೆ ಔಷಧ ಆರಂಭಿಸಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದುದು ಸಿಡಿ4 ಎಣಿಕೆ. ಎಣಿಸುವ ಯಂತ್ರ ಎಲ್ಲ ಚಿಕಿತ್ಸಾಕೇಂದ್ರಗಳಲ್ಲಿಯೂ ಇರಲಿಲ್ಲ. ಒಂದೊಂದು ಯಂತ್ರಕ್ಕೆ ಹಲವು ಕೇಂದ್ರಗಳ ರಕ್ತದ ನಳಿಗೆಗಳು ಬರುತ್ತಿದ್ದವು. ಅಂಥ ಒಂದು ಯಂತ್ರ ಕೆಟ್ಟು ನಿಂತ ದಿನ ಒಂದು ದಿನದ ಕೂಲಿ ಬಿಟ್ಟು ಬಸ್ಸಿನಲ್ಲಿ ಬಂದ ರೋಗಿ ಬರಿಗೈಯಲ್ಲಿ ಊರಿಗೆ ಹಿಂತಿರುಗಬೇಕು. ಹತ್ತು ಮಂದಿಯ ಯಂತ್ರ ಕೆಟ್ಟರೆ ನಷ್ಟ ಸಂಶೋಧನ ಪ್ರಬಂಧಕ್ಕೆ ಮಾತ್ರವೆಂದು ತಿಳಿಯಬಾರದು.

ಇಂದು ಕಣಗಳನ್ನು ವಿಂಗಡಿಸುವ ಒಳ್ಳೆಯ ಯಂತ್ರದ ಬೆಲೆಯನ್ನು ಕೋಟಿಗಳಲ್ಲಿ ಎಣಿಸಬೇಕು. ವರ್ಷವರ್ಷದ ದುರಸ್ತಿಯ ಕರಾರಿಗೇ ಒಂದು ಸಣ್ಣ ಕಾಲೇಜಿನ ಪುಸ್ತಕಭಂಡಾರ ಹುಟ್ಟಬಹುದು. ಆದ್ದರಿಂದ ಲೋಕದ ದೊಡ್ಡ ಸಂಸ್ಥೆಗಳೆಲ್ಲ ಅದನ್ನು ಸಾಮಾನ್ಯ ಸೌಲಭ್ಯವೆಂಬ ಹೆಸರಿನ ಕೋಣೆಯಲ್ಲಿಟ್ಟು, ಗಂಟೆಗಿಷ್ಟು ಎಂದು ಬಾಡಿಗೆ ಗೊತ್ತುಮಾಡಿ, ಸರದಿಯ ಪ್ರಕಾರ ಎಲ್ಲರಿಗೂ ಬಿಡುತ್ತವೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಇಂಥ ಕೋಣೆಯ ಮೇಲ್ವಿಚಾರಕಿ. ಬಿ.ಎಸ್‌ಸಿ. ತರಗತಿಯಲ್ಲಿ ಎರಡು ವರ್ಷ ನನ್ನಿಂದ ಕನ್ನಡ ಪಾಠ ಕೇಳಿದವಳು. ಈಗಲೂ ಕಾಗದ ಬರೆದರೆ ಕಾಗುಣಿತ ತಪ್ಪುವುದಿಲ್ಲ. ಅವಳ ದಿನ ಬೆಳಗ್ಗೆ ಗೊತ್ತಾದ ಹೊಳಪಿನ ಸಣ್ಣ ಮಣಿಗಳನ್ನು ಯಂತ್ರದಲ್ಲಿ ಹರಿಸಿ, ನಿನ್ನೆ ಅಳೆದ ಅಳತೆಯನ್ನೇ ಇಂದೂ ಅಳೆಯುತ್ತದೆಯೇ ಎಂದು ಪರೀಕ್ಷಿಸುವುದರಿಂದ ಆರಂಭವಾಗುತ್ತದೆ. ಆಮೇಲೆ ಬರುವವರ ಸಾಲು. ಒಬ್ಬನು ದ್ರವವನ್ನು ಸೋಸದೆ ತಂದಿರುತ್ತಾನೆ. ಗಂಟುಗಟ್ಟಿದ ಕಣಗಳು ಕೂದಲೆಳೆಯಂಥ ಮೂತಿಗೆ ಸಿಕ್ಕಿಕೊಂಡು ಧಾರೆ ಓರೆಯಾಗುತ್ತದೆ. ಅದನ್ನು ಬಿಡಿಸುವ ಹೊತ್ತಿಗೆ ಮುಂದಿನವನ ಸರದಿ ಹೋಯಿತು. ಇನ್ನೊಬ್ಬನು ಹೊಸ ಜಾತಿಯ ಕಣವನ್ನೇ ಕಂಡುಹಿಡಿದೆನೆಂದು ಹಿಗ್ಗಿ ಬಂದಿರುತ್ತಾನೆ. ಅವಳು ನೋಡಿ, ಇವು ಸತ್ತ ಕಣಗಳು, ಸತ್ತದ್ದು ಎಲ್ಲ ಬಣ್ಣವನ್ನೂ ಹೀರುತ್ತದೆ ಎನ್ನಬೇಕು. ಇಲ್ಲವೆ ಎರಡು ಕಣಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಕಣದ ವೇಷ ಹಾಕಿವೆ ಎಂದು ತೋರಿಸಬೇಕು. ಒಂದು ಬಣ್ಣದ ಬೆಳಕು ಇನ್ನೊಂದು ಬಣ್ಣದ ಮನೆಗೆ ಸೋರುವುದುಂಟು. ಆ ಸೋರಿಕೆಯನ್ನು ಲೆಕ್ಕಹಾಕಿ ಕಳೆಯದಿದ್ದರೆ ಇಲ್ಲದ ಕಣ ಇದ್ದಂತೆ ಕಾಣುತ್ತದೆ. “ಮೇಷ್ಟ್ರೇ, ಈ ಯಂತ್ರ ಏನು ಕೇಳಿದರೂ ಇಲ್ಲವೆನ್ನುವುದಿಲ್ಲ. ತಪ್ಪಾಗಿ ಕೇಳಿದರೂ ಅಂದವಾದ ಚಿತ್ರ ಬರೆದುಕೊಡುತ್ತದೆ. ಅದೇ ಭಯ” ಎಂದು ಅವಳು ಒಮ್ಮೆ ಹೇಳಿದಳು. ಹುಸಿ ಸಂಶೋಧನೆಗೂ ನಿಜವಾದ ಸಂಶೋಧನೆಗೂ ನಡುವೆ ನಿಂತಿರುವುದು ಅನೇಕ ವೇಳೆ ಇಂಥವರೊಬ್ಬರ ಕಣ್ಣು ಎಂದು ನನಗೆ ಅಂದು ತಿಳಿಯಿತು.

ಹಾಸ್ಯಕ್ಕೂ ಅಲ್ಲಿ ಕೊರತೆಯಿಲ್ಲ. ಈ ವಿಂಗಡಣೆಯ ವಿಧಾನಕ್ಕೆ ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಫ್ಯಾಕ್ಸ್ ಎನ್ನುತ್ತಾರೆ. ಫ್ಯಾಕ್ಸಿಗೆ ಬೇಕಾದ ಸಾಮಾನಿಗೆಂದು ಲಕ್ಷಾಂತರ ರೂಪಾಯಿಯ ಬೇಡಿಕೆ ಹೋದಾಗ, ಕಾಗದ ಕಳಿಸುವ ಯಂತ್ರ ಕಚೇರಿಯಲ್ಲಿ ಒಂದು ಇದ್ದೇ ಇದೆ, ಎರಡನೆಯದೇಕೆ ಎಂಬ ಟಿಪ್ಪಣಿಯೊಡನೆ ಅದು ಹಿಂದಿರುಗಿತಂತೆ. ಗುಮಾಸ್ತರದು ತಪ್ಪೆನ್ನಲಾರೆ. ಕಣವಿಂಗಡಣೆ ಎಂಬ ಕನ್ನಡ ಮಾತನ್ನು ಬಳಸಿದ್ದರೆ ಅಪಾರ್ಥಕ್ಕೆ ಎಡೆಯಿರುತ್ತಿರಲಿಲ್ಲ ಎಂದೆ. ಆಗ ಒಕ್ಕಣೆಯ ಯಂತ್ರವೆಂದು ತಿಳಿದು ಕೃಷಿ ಇಲಾಖೆಗೆ ಕಳಿಸುತ್ತಿದ್ದರು ಎಂದು ಅವಳು ನಕ್ಕಳು.

ಅವಳ ಕೆಲಸವನ್ನು ಕೇಳುತ್ತ ಕೇಳುತ್ತ ನನ್ನ ನೆನಪಿಗೆ ಬಂದವನು ನೀರಗಂಟಿ. ಹಳೆಯ ಮೈಸೂರಿನ ಸೀಮೆಯಲ್ಲಿ ಕೆರೆಯುಳ್ಳ ಊರಿಗೆಲ್ಲ ಒಬ್ಬ ನೀರಗಂಟಿಯಿರುತ್ತಿದ್ದ. ತೂಬನ್ನು ಎತ್ತುವವನು, ಮುಚ್ಚುವವನು ಅವನೇ. ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಲೆಕ್ಕ. ಮಳೆ ಕಡಮೆಯಾದ ವರ್ಷ ಕಟ್ಟಕಡೆಯ ಗದ್ದೆಗೂ ಒಂದು ಪಾಲು ಮುಟ್ಟಿಸುವುದು ಅವನ ಹೊಣೆ. ನೀರು ಹಾಯಿಸುವಾಗ ಗೌಡನೇ ಬಂದು ನಿಂತರೂ ಸರದಿ ತಪ್ಪಿಸುವ ಹಾಗಿಲ್ಲ. ಬಹಳ ಕಡೆ ಅವನು ಬಡವ, ಊರಿನ ಕೆಳಗಿನ ಕೇರಿಯವನು. ಆದರೆ ಸುಗ್ಗಿಯಲ್ಲಿ ರಾಶಿ ಅಳೆಯುವ ಮೊದಲು ಕಣದಲ್ಲಿ ಅವನಿಗೆ ಆಯ ಸಲ್ಲುತ್ತಿತ್ತು. ಕೆಲವೆಡೆ ಇನಾಮಿನ ಭೂಮಿಯೂ ಇರುತ್ತಿತ್ತು. ಆ ವ್ಯವಸ್ಥೆಯಲ್ಲಿ ಅನ್ಯಾಯವಿರಲಿಲ್ಲವೆಂದು ನಾನು ಹೇಳುವುದಿಲ್ಲ. ಅವನ ಕೇರಿಯವರು ಕೆರೆಯ ನೀರನ್ನು ಮುಟ್ಟಬಾರದೆಂದ ಊರುಗಳೂ ಇದ್ದವು. ಆದರೂ ಕೆರೆಯನ್ನು ಕಟ್ಟಿದ ಮೇಲೆ ಕೆರೆಯ ಜತೆಗೆ ಅದನ್ನು ನಡೆಸುವವನ ಅನ್ನವನ್ನೂ ಕಟ್ಟಬೇಕೆಂಬ ಒಂದು ತಿಳಿವಳಿಕೆ ನಮ್ಮ ಹಿರಿಯರಿಗಿತ್ತು.

ನಮ್ಮ ಪ್ರಯೋಗಮಂದಿರಗಳನ್ನು ಕಟ್ಟುವವರಿಗೆ ಈ ತಿಳಿವಳಿಕೆ ಸಾಲದು ಎಂಬುದೇ ನನ್ನ ತಕರಾರು. ಯಂತ್ರ ಕೊಳ್ಳುವುದಕ್ಕೆ ಅನುದಾನವುಂಟು. ಅದನ್ನು ನಡೆಸುವವರಿಗೆ ಅನೇಕ ಕಡೆ ಯೋಜನೆಯ ಅವಧಿಗೆ ಮಾತ್ರ ಸಂಬಳ. ಯೋಜನೆ ಮುಗಿದರೆ ಮನುಷ್ಯ ಹೊರಗೆ, ಯಂತ್ರ ಒಳಗೆ. ಕೆಲವು ವರ್ಷಗಳ ಹಿಂದೆ ಪರೀಕ್ಷಕನಾಗಿ ಹೋಗಿದ್ದ ಒಂದು ವಿದ್ಯಾಸಂಸ್ಥೆಯಲ್ಲಿ ಇಂಥದೇ ಒಂದು ಯಂತ್ರವನ್ನು ನನಗೆ ತೋರಿಸಿದರು. ಕೋಣೆ ತಣ್ಣಗಿತ್ತು. ಯಂತ್ರದ ಮೇಲೆ ಹೂವಿನ ಚಿತ್ತಾರದ ಹೊದಿಕೆ. ಅದನ್ನು ಸರಿಸಿದರೆ ಆಯುಧಪೂಜೆಯ ಕುಂಕುಮ, ಒಣಗಿದ ಸೇವಂತಿಗೆಯ ಒಂದು ದಳ. ಉದ್ಘಾಟನೆಯ ಶಿಲಾಫಲಕದಲ್ಲಿ ಐವರ ಹೆಸರಿತ್ತು. ಯಂತ್ರವನ್ನು ಬಲ್ಲವನೊಬ್ಬನೇ ಇದ್ದನಂತೆ. ಅವನ ಕರಾರು ಮುಗಿದು ಎರಡು ವರ್ಷವಾಗಿತ್ತು. ಹೊದಿಕೆಯನ್ನು ಮಾತ್ರ ತಿಂಗಳಿಗೊಮ್ಮೆ ಒಗೆಸುತ್ತಿದ್ದರು.

ಇಲ್ಲಿ ಎದುರುವಾದಿಗಳ ಮಾತನ್ನೂ ಕೇಳಬೇಕು. ಸಾಮಾನ್ಯ ಯಂತ್ರವೆಂದರೆ ಯಾರದೂ ಅಲ್ಲದ ಯಂತ್ರ. ಹತ್ತು ಮಂದಿ ಇದ್ದಲ್ಲಿ ಹಾವು ಸಾಯದು. ವಿಜ್ಞಾನಿಗೆ ಅವನದೇ ಯಂತ್ರ ಕೊಟ್ಟರೆ ಕಣ್ಣಿನ ರೆಪ್ಪೆಯಂತೆ ಕಾಪಾಡುತ್ತಾನೆ ಎನ್ನುತ್ತಾರೆ ಅವರು. ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದುದು. ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು, ಹದಿನೈದು ದಿನ ಮೊದಲೇ ಸರದಿ ಬರೆಸಿ ಬರುವವನು, ಫಲಿತಾಂಶ ಖಚಿತವಾದ ಪ್ರಯೋಗವನ್ನೇ ತರುತ್ತಾನೆ. ನಡುರಾತ್ರಿ ಹೊಳೆದ ಹುಚ್ಚು ಕಲ್ಪನೆಯನ್ನು ಆಗಲೇ ಪರೀಕ್ಷಿಸಿ ನೋಡುವ ಸ್ವಾತಂತ್ರ್ಯ ಅವನಿಗಿಲ್ಲ. ಹೊಸತು ಹುಟ್ಟುವುದೋ ಆ ಹುಚ್ಚಿನಿಂದ. ಇದು ಒಪ್ಪತಕ್ಕ ಮಾತು. ಹರ್ಜನ್‌ಬರ್ಗ್ ಅವರೇ ಸರದಿಯ ಪುಸ್ತಕದಲ್ಲಿ ಹೆಸರು ಬರೆಸಿ ಕಾದಿದ್ದರೆ ಯಂತ್ರ ಹುಟ್ಟುತ್ತಿತ್ತೋ ಇಲ್ಲವೋ. ಆದರೆ ಇದಕ್ಕೆ ಉಪಾಯವಿಲ್ಲದೆ ಇಲ್ಲ. ವಾರದಲ್ಲಿ ಕೆಲವು ಗಂಟೆಗಳನ್ನು ಬಾಡಿಗೆಯಿಲ್ಲದೆ ಇಂಥ ಪ್ರಯೋಗಗಳಿಗೆಂದೇ ಮೀಸಲಿಡಬಹುದು. ಯಾವುದಕ್ಕೆ ಕೊಡಬೇಕೆಂಬುದನ್ನು ಯಂತ್ರವನ್ನು ಬಲ್ಲ ನೀರಗಂಟಿಗೇ ಬಿಡಬಹುದು. ಮೊದಲನೆಯ ಆಕ್ಷೇಪಕ್ಕಂತೂ ನನ್ನ ಉತ್ತರ ಚಿಕ್ಕದು. ಹಾವು ಸಾಯದಿರುವುದು ಹತ್ತು ಮಂದಿ ಇರುವುದರಿಂದಲ್ಲ. ಕೋಲು ಹಿಡಿಯುವವನು ಯಾರೆಂದು ಗೊತ್ತುಮಾಡದೆ ಇರುವುದರಿಂದ. ಒಬ್ಬೊಬ್ಬರಿಗೆ ಒಂದೊಂದು ಯಂತ್ರ ಕೊಂಡುಕೊಟ್ಟ ಕಡೆಗಳಲ್ಲಿ ಏನಾಗುತ್ತದೆಂಬುದೂ ತಿಳಿಯದ ಸಂಗತಿಯಲ್ಲ: ಪ್ರಾಧ್ಯಾಪಕರು ನಿವೃತ್ತರಾಗುತ್ತಾರೆ, ಬೀಗದ ಕೈ ಕಾಣೆಯಾಗುತ್ತದೆ.

ದೇಶದಲ್ಲಿ ಪ್ರಯತ್ನವೇ ನಡೆದಿಲ್ಲವೆಂದು ಹೇಳಿದರೆ ಅಪಚಾರವಾದೀತು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1974ರಿಂದಲೇ ದುಬಾರಿ ಉಪಕರಣಗಳ ಸಾಮಾನ್ಯ ಕೇಂದ್ರಗಳನ್ನು ಸ್ಥಾಪಿಸುತ್ತ ಬಂದಿದೆ; ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಅಂಥದೊಂದಿದೆ. ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರ ಜೀವಂತ ಕೋಶಗಳ ತಳಿಗಳನ್ನು ಕಾಪಾಡಿ ದೇಶದ ಪ್ರಯೋಗಮಂದಿರಗಳಿಗೆ ಹಂಚುತ್ತದೆ. ಬೆಂಗಳೂರಿನಲ್ಲಿ 2009ರಲ್ಲಿ ಆರಂಭವಾದ ಸಿ-ಕ್ಯಾಂಪ್ ಹೊರಗಿನವರಿಗೂ ಇಂಥ ಉಪಕರಣಗಳ ಸೇವೆ ಒದಗಿಸಲೆಂದೇ ಹುಟ್ಟಿದ ಸಂಸ್ಥೆ. ಯಾವ ಊರಿನಲ್ಲಿ ಯಾವ ಉಪಕರಣವಿದೆಯೆಂದು ಹುಡುಕಿ ಸರದಿ ಕಾದಿರಿಸುವ ಐ-ಸ್ಟೆಮ್ ಎಂಬ ವ್ಯವಸ್ಥೆ 2020ರ ಜನವರಿಯಲ್ಲಿ, ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಉದ್ಘಾಟನೆಗೊಂಡಿತು. ಇವೆಲ್ಲ ಸ್ತುತ್ಯರ್ಹ.

ಆದರೆ ರೋಗನಿರೋಧಶಾಸ್ತ್ರಕ್ಕೆ ಒಂದು ವಿಶೇಷವಾದ ಕಷ್ಟವಿದೆ. ಪಟ್ಟಿ ಮಾಡುವವರು ಅದನ್ನು ಸಾಕಷ್ಟು ಯೋಚಿಸಿದಂತೆ ಕಾಣುವುದಿಲ್ಲ. ರಸಾಯನಶಾಸ್ತ್ರದವನು ತನ್ನ ಪುಡಿಯನ್ನು ಶೀಶೆಯಲ್ಲಿ ತುಂಬಿ ಅಂಚೆಯಲ್ಲಿ ಕಳಿಸಬಹುದು. ರಕ್ತದ ಕಣ ಜೀವಂತ ವಸ್ತು. ದೇಹವನ್ನು ಬಿಟ್ಟ ಗಳಿಗೆಯಿಂದ ಅದರ ಆಯುಷ್ಯ ಗಂಟೆಗಳ ಲೆಕ್ಕದಲ್ಲಿ ಸವೆಯತೊಡಗುತ್ತದೆ. ರಾಯಚೂರಿನ ಕಾಲೇಜಿನ ಅಧ್ಯಾಪಕಿಯೊಬ್ಬರು ಅಲ್ಲಿಯ ರೋಗಿಗಳ ರಕ್ತವನ್ನು ಪರೀಕ್ಷಿಸಬೇಕೆಂದರೆ, ಮಂಜುಗಡ್ಡೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಂಗಳೂರಿಗೆ ಬರಬೇಕು. ಔಷಧ ಹಾಕಿ ಕಣಗಳನ್ನು ಸ್ಥಿರಗೊಳಿಸಿ ತಂದರೆ ಎಣಿಸಬಹುದು. ವಿಂಗಡಿಸಿ ಬೆಳೆಸುವುದಕ್ಕೆ ಬರುವುದಿಲ್ಲ, ಅವು ಸತ್ತಿರುತ್ತವೆ. ಬೆಂಗಳೂರಿನಲ್ಲಿ ಹತ್ತು ಯಂತ್ರವಿದ್ದು ಕಲಬುರಗಿಯಲ್ಲಿ ಒಂದೂ ನೆಟ್ಟಗೆ ನಡೆಯದಿದ್ದರೆ, ಕಟ್ಟಕಡೆಯ ಗದ್ದೆಗೆ ನೀರು ಮುಟ್ಟಿದಂತಾಗಲಿಲ್ಲ. ಕಂದಾಯ ವಿಭಾಗಕ್ಕೆ ಒಂದರಂತೆ ನಾಲ್ಕು 'ಕೆರೆ'ಗಳನ್ನಾದರೂ ಈ ನಾಡಿನಲ್ಲಿ ಕಟ್ಟಬೇಕು. ಒಂದೊಂದಕ್ಕೂ ಇಬ್ಬರು ಖಾಯಂ ನೀರಗಂಟಿಗಳಿರಬೇಕು. ಇಬ್ಬರು ಏಕೆಂದರೆ, ಒಬ್ಬರಿಗೆ ಜ್ವರ ಬಂದರೆ ಯಂತ್ರಕ್ಕೂ ಜ್ವರ ಬರಬಾರದು.

ಪ್ರಯಾಣ ಮಾಡಬಲ್ಲ ವಸ್ತುಗಳನ್ನು ಹಂಚುವ ವಿಷಯದಲ್ಲಿ ಅಮೆರಿಕದವರ ಒಂದು ಮಾದರಿಯನ್ನು ನೋಡಬಹುದು. ಯಾವ ಟಿ ಕಣ ಯಾವ ರೋಗಾಣುವಿನ ತುಣುಕನ್ನು ಗುರುತಿಸುತ್ತದೆಂದು ಕಂಡುಹಿಡಿಯುವುದಕ್ಕೆ, ನಾಲ್ಕು ಅಣುಗಳನ್ನು ಒಂದಾಗಿ ಹೆಣೆದ ಟೆಟ್ರಮರ್ ಎಂಬ ಸಾಧನವನ್ನು 1996ರಲ್ಲಿ ಜಾನ್ ಆಲ್ಟ್‌ಮನ್, ಮಾರ್ಕ್ ಡೇವಿಸ್ ಮೊದಲಾದವರು ಪ್ರಕಟಿಸಿದರು. ಒಂದು ಕೈಯ ಹಿಡಿತ ಜಾರುತ್ತದೆ, ನಾಲ್ಕು ಕೈಯ ಹಿಡಿತ ನಿಲ್ಲುತ್ತದೆ ಎಂಬುದು ಅದರ ಮರ್ಮ. ತಯಾರಿಕೆ ಕಷ್ಟ. ಆದ್ದರಿಂದ ಅಲ್ಲಿಯ ಸರ್ಕಾರ ಅಟ್ಲಾಂಟದ ಎಮರಿ ವಿಶ್ವವಿದ್ಯಾನಿಲಯದಲ್ಲಿ ಒಂದು ಕೇಂದ್ರಕ್ಕೆ ಹಣ ಕೊಟ್ಟು ಅದನ್ನು ಮಾಡಿಸಿ, ಅರ್ಜಿ ಹಾಕಿ ಒಪ್ಪಿಗೆ ಪಡೆದ ಸಂಶೋಧಕರಿಗೆ ಸಾಗಣೆಯ ಖರ್ಚಿನಷ್ಟಕ್ಕೇ ಕಳಿಸುವ ಏರ್ಪಾಡು ಮಾಡಿತು.

ಕೊನೆಯದಾಗಿ ಹೆಸರಿನ ಮಾತು. ನಮ್ಮ ಕ್ಷೇತ್ರದಲ್ಲಿಯೂ ಈ ಪಾಪವಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಾಗಿ ಹೊರಬಂದಿತು. ಅದನ್ನು ತೆರೆಯದೆ ನಾನು ಒಂದು ಪಾಠವನ್ನೂ ಸಿದ್ಧಮಾಡುವುದಿಲ್ಲ. ಹಳೆಯ ಕಾವ್ಯಗಳನ್ನೂ ಶಾಸನಗಳನ್ನೂ ಓದಿ, ಪದಕ್ಕೊಂದು ಚೀಟಿಯಂತೆ ಬರೆದು ಪೇರಿಸಿದವರು ಅನೇಕ ವಿದ್ವಾಂಸರು. ಲೇಖನ ಬರೆಯುವವರು ಅವರ ಚೀಟಿಯಿಂದ ಅರ್ಥವನ್ನು ಎತ್ತಿಕೊಂಡು, ಅರ್ಥ ತಮಗೇ ಹೊಳೆಯಿತೆಂಬಂತೆ ಮುಂದೆ ಸಾಗುತ್ತಾರೆ. ವಿಜ್ಞಾನದ ಪ್ರಬಂಧಗಳಲ್ಲಿ ಯಂತ್ರದ ಹೆಸರು, ಅದನ್ನು ತಯಾರಿಸಿದ ಕಂಪನಿಯ ಹೆಸರು, ಕಂಪನಿಯ ಊರಿನ ಹೆಸರು ಕೂಡ ಅಚ್ಚಾಗುತ್ತವೆ. ನಡೆಸಿದವರ ಹೆಸರಿನ ಜಾಗದಲ್ಲಿ ಬಹಳ ಸಲ ‘ಸೌಲಭ್ಯಕ್ಕೆ ಕೃತಜ್ಞತೆಗಳು’ ಎಂದಿರುತ್ತದೆ. ಗುಂಡಿ ಒತ್ತಿದ ಮಾತ್ರಕ್ಕೆ ಯಾರೂ ಲೇಖಕರಾಗುವುದಿಲ್ಲ, ನಿಜ. ಆದರೆ ಪ್ರಯೋಗದ ರೂಪವನ್ನೇ ತಿದ್ದಿದವರನ್ನು, ಸತ್ತ ಕಣವನ್ನು ಹೊಸ ಕಣವೆಂದು ಅಚ್ಚುಹಾಕಿಸುವ ಅವಮಾನದಿಂದ ಪ್ರಾಧ್ಯಾಪಕರನ್ನು ಪಾರುಮಾಡಿದವರನ್ನು ಲೇಖಕರ ಸಾಲಿನಲ್ಲಿ ಸೇರಿಸುವುದು ಔದಾರ್ಯವಲ್ಲ, ಲೆಕ್ಕ ಚುಕ್ತಾ ಮಾಡುವುದು. ಅನುದಾನ ಕೊಡುವವರು ಇದನ್ನು ಷರತ್ತಾಗಿ ಬರೆದರೆ ಒಂದೇ ವರ್ಷದಲ್ಲಿ ರೂಢಿಗೆ ಬಂದೀತು.

ಈ ಲೇಖನವನ್ನು ಬರೆಯುವ ಮುನ್ನ ನನ್ನ ವಿದ್ಯಾರ್ಥಿನಿಗೆ ಫೋನು ಮಾಡಿ ಒಂದೆರಡು ಸಂಗತಿಗಳನ್ನು ಖಚಿತಪಡಿಸಿಕೊಂಡೆ. ಯಂತ್ರದ ದುರಸ್ತಿಯ ಕರಾರನ್ನು ಕಂಪನಿಯೊಡನೆ ಈಗಷ್ಟೆ ಐದು ವರ್ಷಕ್ಕೆ ಮಾಡಿಕೊಂಡಿದ್ದಾರಂತೆ. ಕಾಗದಪತ್ರಗಳನ್ನೆಲ್ಲ ಸಿದ್ಧಪಡಿಸಿದವಳು ಅವಳೇ. ಅವಳ ಕರಾರು ಬರುವ ಮಾರ್ಚಿಗೆ ಮುಗಿಯುತ್ತದೆ.